ಜಿಲೇಬಿ ದೀಪ

ನಾಲ್ಕೂ ಮುಕ್ಕಾಲಿಗೆ ಶಿವಮೊಗ್ಗದ ಲಾರಿ
ಕಟ್ಟು ಎಸೆದು ಹೋಗುತ್ತದೆ.
ಮುನ್ನೂರ ಹತ್ತು ಪೇಪರು, ಮಸಿ ಇನ್ನೂ ಹಸಿ.
ಆರಕ್ಕೆ ಮೇಗರವಳ್ಳಿ, ಅಲ್ಲಿಂದ ಗುಡ್ಡೇಕೇರಿ,
ಏಳು ದಾಟಿದರೆ ಆಗುಂಬೆಯಲ್ಲಿ ಮಾತು ಕೇಳಬೇಕು.

ಹಿಂದಿನ ಸೀಟು ಕಿತ್ತ ನನ್ನ ಡೀಸೆಲ್ ಕಾರು
ಸೊಪ್ಪುಗುಡ್ಡೆಯ ಇಳಿಜಾರಿನಲ್ಲಿ
ಇಬ್ಬನಿ ಹೊದ್ದು ಮಲಗಿರುತ್ತದೆ.
ಕೀಲಿ ತಿರುಗಿಸಿದರೆ ಕೆಮ್ಮು.
ಮತ್ತೆ ತಿರುಗಿಸಿದರೆ ಬಿಳಿ ಹೊಗೆ, ಮತ್ತೆ ಕೆಮ್ಮು.
ಕೊಂಡು ಏಳು ತಿಂಗಳು. ಕಂತು ಇನ್ನೂ ಐವತ್ಮೂರು.

ಕೀಲಿ ಅರ್ಧ ತಿರುಗಿದಾಗ
ಜಿಲೇಬಿಯಂಥದೊಂದು ಹಳದಿ ದೀಪ ಹತ್ತಬೇಕಂತೆ,
ಒಳಗೆ ಬೆಚ್ಚಗಾದ ಮೇಲೆ ಆರಬೇಕಂತೆ.
ಪುಸ್ತಕದಲ್ಲಿ ಚಿತ್ರವಿದೆ.
ನನ್ನದರಲ್ಲಿ ಆ ಜಾಗ
ತೊಳೆದು ಕವುಚಿಟ್ಟ ಬಾಣಲೆ.

"ಮೇಡಂ, ಇದು ಮಲೆನಾಡ ಚಳಿ. ಗಾಡಿ ತಪ್ಪಲ್ಲ"
ಅಂದ ಶೋರೂಮಿನ ಹುಡುಗ.
"ದಿನಾ ಹತ್ತು ನಿಮಿಷ ಬೆಚ್ಚಗೆ ಮಾಡಿ ಓಡಿಸಿ."
ಗುಲಾಬಿ ಚೀಟಿಯಲ್ಲಿ ಅದನ್ನೇ ಬರೆದೂ ಕೊಟ್ಟ.

ಮಾಡಿದೆ.
ಬಾನೆಟ್ಟಿಗೆ ಅತ್ತೆಯ ಕಂಬಳಿ, ಹಂಡೆಯ ಮೊದಲ ಬಿಸಿನೀರು.
"ಬಾಣಂತಿಗೂ ಇಷ್ಟು ಮಾಡಲಿಲ್ಲವಲ್ಲೇ ಮಾರಾಯ್ತಿ"
ಅಂದರು ಅತ್ತೆ, ಚಹಾದ ಲೋಟ ಹಿಡಿದು.
ಹೇಗೋ ಹೊತ್ತಿಕೊಂಡ ಮೇಲೆ ಹತ್ತು ನಿಮಿಷ
ಗಡಗಡ ನಡುಗುವ ಕಾರಿನಲ್ಲಿ ಕೂತು
ಬೇರೇನೂ ತೋಚದೆ
ಕಟ್ಟು ಬಿಚ್ಚಿ ಓದತೊಡಗಿದೆ.
ಹನ್ನೆರಡು ವರ್ಷ ಹಂಚಿದ್ದೆ, ಓದಿರಲಿಲ್ಲ.
ಆರನೇ ಪುಟ, ಕೆಳಗಡೆ, ಎಡಕ್ಕೆ:
ಕೊಂಡ ವಸ್ತು ಕೆಟ್ಟಿದ್ದರೆ ಅದು ಕೊಂಡವರ ಹಣೆಬರಹವಲ್ಲ.
ವಕೀಲರು ಬೇಕೆಂದೇನಿಲ್ಲ. ಬಿಳಿ ಹಾಳೆಯಲ್ಲಿ ಬರೆಯಿರಿ.
ಚೀಟಿ ರಸೀದಿ ಎಸೆಯಬೇಡಿ.

ಅವತ್ತು ಗುಡ್ಡೇಕೇರಿಯ ವರ್ಗೀಸ್ ಮಾಸ್ತರರಿಗೆ
ಆರನೇ ಪುಟವಿಲ್ಲದ ಪೇಪರು ಹೋಯಿತು.

"ಸುಗಂಧಿ ಕೋಂ ದುಗ್ಗಪ್ಪ!"
ರೇಷನ್ ಅಂಗಡಿಯಲ್ಲಿ ಕೂಗಿದ ಹಾಗೇ ಕೂಗಿದರು ಆಯೋಗದಲ್ಲಿ.
ಕಂಪನಿ ವಕೀಲರು ಕನ್ನಡಕ ಒರೆಸಿಕೊಂಡು:
"ನಿಂತಲ್ಲೇ ಎಂಜಿನ್ ಓಡಿಸಿ ಓಡಿಸಿ ಈಕೆಯೇ ಕೆಡಿಸಿದ್ದಾರೆ.
ಬೆಚ್ಚಗೆ ಮಾಡಿ ಅಂತ ನಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ಲ."
ನಾನು ಗುಲಾಬಿ ಚೀಟಿ ಮುಂದಿಟ್ಟೆ.
ಅಧ್ಯಕ್ಷೆ ಎರಡು ಸಲ ಓದಿದರು.
"ಒಂದೇ ಅಂಗಡಿಗೆ ಎರಡು ಬಾಯಿ.
ಯಾವುದನ್ನು ಬರೆದುಕೊಳ್ಳಲಿ?"

ಗೆದ್ದೆ ಅಂದುಕೊಂಡೆ. ಎಲ್ಲಿಯ ಗೆಲುವು.
ಹೊರಗೆ, ಮಟಮಟ ಮಧ್ಯಾಹ್ನ, ಕಾರಿನ ಪರೀಕ್ಷೆ:
ಒಂದೇ ತಿರುವಿಗೆ
ನೆಂಟರೆದುರು ನಗುವ ಮಗುವಿನ ಹಾಗೆ ಹೊತ್ತಿಕೊಂಡಿತು,
ಮನೆಹಾಳು.
"ನಮ್ಮೂರಿಗೆ ಬನ್ನಿ ಸ್ವಾಮಿ" ಅಂದೆ,
"ಇದರ ಕಾಯಿಲೆ ಬೆಳಗಿನ ಜಾವದ್ದು."

ಬಂದರು. ಪಾಲಿಟೆಕ್ನಿಕ್ಕಿನ ಶಾಂತವೀರಯ್ಯ,
ಮಂಕಿ ಟೋಪಿ, ಕಂಕುಳಲ್ಲಿ ಟಾರ್ಚು.
ಹನ್ನೆರಡು ಡಿಗ್ರಿ ಎಂದು ಬರೆದುಕೊಂಡರು.
ಕಂಬಳಿ ಇಲ್ಲ. ಬಿಸಿನೀರಿಲ್ಲ.
ಎರಡು ಚಳಿಗಾಲ ಸ್ಟೀರಿಂಗಿಗೆ ಹಣೆ ಹಚ್ಚಿ
ಹೊತ್ತಿಕೋ ನನ್ನಪ್ಪಾ ಎಂದವಳು
ಇವತ್ತು ಅದೇ ಹಣೆ ಹಚ್ಚಿ ಬೇಡಿದೆ:
ಇದೊಂದು ದಿನ ಬೇಡ.

ಕೆಮ್ಮಿತು.
ಕೆಮ್ಮಿತು. ಮೂರನೇ ಸಲ ಹಿಡಿದುಕೊಂಡ ಹಾಗಾಗಿ
ಎದೆ ಧಸಕ್ಕೆಂದಿತು. ಬಿಟ್ಟಿತು.
ಹನ್ನೊಂದು ಸಲ ಎಣಿಸಿದರು ಶಾಂತವೀರಯ್ಯ,
ದೀಪದ ಜಾಗಕ್ಕೆ ಟಾರ್ಚು ಬಿಟ್ಟು ನೋಡಿ
"ರಿಲೇ ಸತ್ತಿದೆ, ಹುಟ್ಟಿದಾಗಿಂದ" ಎಂದರು.

ಅಷ್ಟರಲ್ಲಿ ಲಾರಿ ಬಂದು ಕಟ್ಟು ಎಸೆಯಿತು.
ಗಾಡಿಯೇನೋ ಸಾಕ್ಷಿ ಹೇಳಿತು, ಪೇಪರು ಹಾಕುವವರು ಯಾರು?
ನನ್ನ ಮುಖ ನೋಡಿದರು.
ಪೆನ್ನು ಜೇಬಿಗಿಟ್ಟರು.
ಹಿಂದೆ ಹೋಗಿ, ಕಾಲೂರಿ, ಇಳಿಜಾರಿಗೆ ತಳ್ಳಿದರು.
ವರದಿಯಲ್ಲಿ ಅದನ್ನು ಬರೆದಿಲ್ಲ.

ಆದೇಶ ಬಂತು. ರಿಲೇ ಹೊಸದು, ಜೊತೆಗೆ ಹದಿನೆಂಟು ಸಾವಿರ.
ಜಿಲೇಬಿ ಹತ್ತಿತು, ಆರಿತು.
ಸುಮ್ಮನೆ ನೋಡಲೆಂದೇ ಮೂರು ಸಲ ಕೀಲಿ ತಿರುಗಿಸಿದೆ.

ಗುಡ್ಡೇಕೇರಿಯಲ್ಲಿ ತಣಬೆಯ ಹತ್ತಿರ
ವರ್ಗೀಸ್ ಮಾಸ್ತರು ಕಾದು ನಿಂತಿದ್ದರು.
"ಕೇಸು ಗೆದ್ದಿಯಂತೆ. ಸಂತೋಷ.
ಹೋದ ವರ್ಷ ಒಂದು ಮಂಗಳವಾರ
ನನಗೆ ಆರನೇ ಪುಟ ಬಂದಿಲ್ಲ.
ನಾನೂ ದುಡ್ಡು ಕೊಟ್ಟೇ ಕೊಂಡದ್ದಮ್ಮಾ."