ಸುತ್ತು

ನಾಕು ದಿನಕ್ಕ ಸಾಕಾಗುವಷ್ಟು ಕಂಡಿಕಿ ಸುತ್ತಿ
ಬುಟ್ಟಿ ತುಂಬಿಸಿಟ್ಟು,
ಮಗಳ ಡಿಪ್ಲೊಮಾದ ಹಳೇ ಬ್ಯಾಗ ಬೆನ್ನಿಗೇರಿಸಿ
ಸುತ್ತಾಡಿ ಬರ್ತೇನಿ ಅಂತ ಹ್ವಾದಳು ಸಾವಂತ್ರೆವ್ವ.
ಇಪ್ಪತ್ತೆಂಟು ವರ್ಷ ಬರೇ ನೂಲು ಸುತ್ತಿದಾಕಿ.
ಬ್ಯಾಗಿನ ಜಿಪ್ಪು ಕೆಟ್ಟಿತ್ತು,
ಖಣದ ಅಂಚಿನ ತುಂಡಿಲೆ ನಾನ ಬಿಗಿದು ಕೊಟ್ಟೆ.
ಒಳಗ ಎರಡು ಸೀರಿ, ಹನ್ನೆರಡು ಕಟಕ ರೊಟ್ಟಿ,
ಗುರೆಳ್ಳ ಚಟ್ನಿ, ಆಧಾರ ಕಾರ್ಡು.
ಗುಳೇದಗುಡ್ಡದ ನಮ್ಮ ಓಣ್ಯಾಗ ಕೇಳಿದರು:
ಯಾರ ಮದುವಿ? ಯಾರು ತೀರಿಕೊಂಡ್ರು?
ಯಾರೂ ಇಲ್ಲ, ನೋಡಾಕ ಹೊಂಟೇನಿ.
ಏನು ನೋಡಾಕ?
ಮಂದಿ ಎಲ್ಲೆಲ್ಲಿಂದೋ ಬಂದು ಏನು ನೋಡ್ತಾರ, ಅದನ್ನ.

ಫೋನು ಮಗ್ಗದ ಕಂಬಕ್ಕ ಕಟ್ಟೇನಿ, ನೂಲಿಲೆ.
ನನ್ನ ಎರಡೂ ಕೈಗೆ ಕೆಲಸ, ಕಾಲಿಗೂ.
ಸ್ಪೀಕರ್ ಒತ್ತಿದ್ರ ಮಗ್ಗದ ಕುಣಿಯೊಳಗ ಬಾದಾಮಿ ಇಳೀತೈತಿ.
ಮಂಗ್ಯಾ ಬಾಳಿಹಣ್ಣ ಕಸಗೊಂಡು ಹ್ವಾತು, ಅಂತಾಳ.
ಕೆಂಪು ಕಲ್ಲು, ನಮ್ಮ ಗುಡ್ಡದ್ದ ಕಲ್ಲು,
ಇಲ್ಲೆ ಮಾತ್ರ ಅದಕ್ಕ ಟಿಕೀಟು.
ಬಸ್ಸಿಗೆ ಸೊನ್ನಿ, ಕಲ್ಲಿಗೆ ರೊಕ್ಕ.
ಒಬ್ಬಾಕಿ ಫಾರಿನ್ ಹುಡುಗಿ, ಬೆನ್ನಿಗೆ ನನಗಿಂತ ದೊಡ್ಡ ಬ್ಯಾಗು,
ನನ್ನ ಕುಪ್ಪಸ ಮುಟ್ಟಿ ಏನೋ ಕೇಳಿದಳು.
ನಮ್ಮನಿದ ಅಂದೆ. ತಿಳೀತೋ ಇಲ್ಲೋ.
ಫೋಟೊ ತಗದಳು,
ಬೆನ್ನಿಂದ.

ನಾ ಕೇಳಿದ್ದು: ಉಪ್ಪಿನ ಡಬ್ಬಿ ಎಲ್ಲೈತಿ?

ಪಟ್ಟದಕಲ್ಲಿನಾಗ ಗುಡಿ ನೋಡಿದ್ದಕ್ಕಿಂತ ಹೆಚ್ಚು ಹೊತ್ತು
ಹೊಳಿ ದಂಡಿಗೆ ಕುಂತಿದ್ದಳಂತ.
ಏನ ಮಾಡಿದಿ ಅಲ್ಲೆ?
ಏನೂ ಇಲ್ಲ.
ಆ ‘ಏನೂ ಇಲ್ಲ’ ಅನ್ನೂದನ್ನ
ಆಕಿ ಬಾಯಿಂದ ನಾ ಕೇಳಿದ್ದು ಅದ ಮೊದಲು.
ಒಂದು ಹೊಕ್ಕು ತಪ್ಪಿತು.
ಬಿಚ್ಚಿ ಮತ್ತ ನೇದೆ.

ಐಹೊಳ್ಯಾಗ ಹುಡುಗರು ‘ಅಜ್ಜಿ, ಸೆಲ್ಫಿ’ ಅಂದ್ರಂತ.
ನಾ ಅಜ್ಜಿ ಏನು? ಅಂತ ನನ್ನ ಮ್ಯಾಲ ಸಿಟ್ಟು.
ಅಲ್ಲ ಬಿಡು, ಅಂದೆ, ನಗು ತಡಕೊಂಡು.
ಆ ರಾತ್ರಿ ಕೂಡಲಸಂಗಮ,
ಗದಗಿನ ಮೂರು ಹೆಣ್ಣಮಕ್ಕಳ ಜೋಡಿ
ಒಂದು ಖೋಲಿ, ಒಂದು ಫ್ಯಾನು, ನಮ್ಮನಿ ರೊಟ್ಟಿ.
ಫೋನು ಇಡಬ್ಯಾಡ, ಅಂದಳು.
ಮಗ್ಗ ನಡಸು, ನಿದ್ದಿ ಬರವಲ್ದು.
ಹತ್ತೂವರಿಗೆ ದೀಪ ಹಚ್ಚಿ ನೇದೆ,
ಬ್ಯಾರೆ ಊರಾಗ ಆಕಿ ಮಲಗಲಿ ಅಂತ.
ಗದಗಿನವರು ಬೈದಿರಬೇಕು.

ಬುಟ್ಟಿ ತಳ ಕಾಣಾಕ ಹತ್ತಿತು.
ಒಂದೊಂದು ಕಂಡಿಕಿ ಖಾಲಿ ಆದಂಗ
ಆಕಿ ದೂರ ಹೋಗ್ತಾಳೋ, ಹತ್ರ ಬರ್ತಾಳೋ
ನನಗ ಲೆಕ್ಕ ಹತ್ತಲಿಲ್ಲ.

ನಾಕನೇ ದಿನ ವಿಜಾಪುರ, ಗೋಳಗುಮ್ಮಟ.
ಮೆಟ್ಟಲ ಹತ್ತಿ ಹತ್ತಿ ತೇಕಾಕ ಹತ್ಯಾಳ,
ನನ್ನ ಕಂಬದಾಗ ಆ ಉಸಿರು.
ಸೀಟಿ ಹೊಡೀತಾರ ಯಾರೋ, ಕೂ ಅಂತಾರ,
ಒಬ್ಬಾಂವ ಯಾವಾಕಿದೋ ಹೆಸರು ಕೂಗಿ
ತಾನ ಸುಮ್ಮನಾದ.
ನೀನೂ ಕೂಗು, ಅಂದೆ.
ನಾಚಿಕಿ. ನೀ ನೇಯಿ.
ಏನು?
ನೇಯಿ ಅಂದೆ. ಫೋನು ಗ್ವಾಡಿಗೆ ಹಿಡೀತೇನಿ.

ಹಣಿಗಿ ಎಳದೆ. ಖಟ್.

ಮೊದಲ ಏನೂ ಇಲ್ಲ. ಆಮ್ಯಾಲ ಎಲ್ಲಿಂದೋ
ಖಟ್.
ಬಸಲಿಂಗಣ್ಣನ ಮಗ್ಗದಂಗ, ಮಾರಿಬಿಟ್ಟದ್ದು.
ಖಟ್. ಮೂಲಿಮನಿ ಅಂಬವ್ವಂದು, ಒಲಿಗೆ ಹ್ವಾದದ್ದು.
ಖಟ್, ಖಟ್. ನಮ್ಮಪ್ಪಂದು,
ಒಂಚೂರು ಕುಂಟಿಕೋತ ಬಡೀತಿತ್ತು, ಹಂಗ.
ಏಳು ಬರಬೇಕಂತ. ಆರು ಎಣಿಸಿದೆ,
ಅಷ್ಟರಾಗ ಹುಡುಗೂರು ಕೇಕಿ ಹಾಕಿದ್ರು.
ಈ ಓಣ್ಯಾಗ ಉಳದದ್ದು ನಂದೊಂದ ಮಗ್ಗ.
ಆ ಗಳಿಗ್ಯಾಗ ಓಣಿ ತುಂಬ ನೇಯಾಕ ಹತ್ತಿತ್ತು.

ಕೇಳಿತೇನು? ಅಂದಳು.
ಕಂಡಿಕಿ ಮುಗದಾವ, ಅಂದೆ.
ಗೊತ್ತು, ಎಣಿಸೇ ಇಟ್ಟಿದ್ದೆ. ಸಂಜಿ ಬಸ್ಸಿಗೆ ಬರ್ತೇನಿ.

ಕುಣಿಯಿಂದ ಎದ್ದು ರಾಟಿ ಮುಂದ ಕುಂತೆ.
ನೂಲು ಗಂಟ ಬಿತ್ತು. ಬಿಡಿಸಿದೆ. ಮತ್ತ ಬಿತ್ತು.
ಮುಂದಿನ ಸಲ ಹಂಪಿ ಅಂತ,
ಒಂಬತ್ತು ದಿನ.
ಕಲೀಬೇಕು.