ಹಸಿರು ಗುಳಿಗೆ

ಕುರ್ಲಾದ ಬ್ಯಾಟರಿ ಗಲ್ಲಿಯಲ್ಲಿ ಹದಿನೇಳು ವರ್ಷ
ಸೀಸ ಕರಗಿಸಿದ ಅಪ್ಪನ ತೋಳಿಗೆ
ರಬ್ಬರ್ ಪಟ್ಟಿ ಬಿಗಿದದ್ದು ನಾನೇ.
ದಿನಕ್ಕೆ ನಲವತ್ತು ಜನರ ನರ ಹುಡುಕುವ ಬೆರಳು
ಅವತ್ತು ಎರಡು ಸಲ ತಪ್ಪಿತು.

ವರದಿಯಲ್ಲಿ ಅಂಕಿಯ ಪಕ್ಕ ನಕ್ಷತ್ರ.
ಒಸಡಿನಂಚಿಗೆ ಕಾಡಿಗೆ ತೀಡಿದ ಹಾಗೆ ನೀಲಿ ಗೆರೆ.
ಮೊದಲು ಆ ಕೆಲಸ ಬಿಡಿಸಿ, ಎಂದರು ಡಾಕ್ಟರು,
ಔಷಧದ ಮಾತು ಆಮೇಲೆ.

ಗುಳಿಗೆಯ ಮಾತು ತಂದವಳು ಪಕ್ಕದ ಖೋಲಿಯ ಸುಲಭಾತಾಯಿ:
ನೀರಿನ ಪಾಚಿಯಂತೆ, ಒಣಗಿಸಿ ಒತ್ತಿದ್ದು,
ಮೈಯೊಳಗಿನ ವಿಷವನ್ನು ಜುಟ್ಟು ಹಿಡಿದು
ಹೊರಗೆ ಎಳೆದು ಹಾಕುತ್ತದಂತೆ.
ಡಬ್ಬಿಗೆ ಒಂಬೈನೂರು. ಎರಡು ಕಂತಿನಲ್ಲಿ ಕೊಟ್ಟೆ.

ಅಪ್ಪ ಅಂಗೈಯಲ್ಲಿ ಹೊರಳಿಸಿ ಮೂಸಿ ನೋಡಿದ:
"ಪಾಚಿ ಜಾರಿ ಬಾವ್ಯಾಗ ಬಿದ್ದಾಂವ ನಾ.
ನಿಮ್ಮಜ್ಜಿ ಟಾಕಿ ತಿಕ್ಕಿ ತಿಕ್ಕಿ ಚೆಲ್ಲತಿದ್ಲು ಇದನ್ನ.
ಈಗ ರೊಕ್ಕಾ ಕೊಟ್ಟು ನುಂಗೂದು!"
ನುಂಗಿದ. ನಾಲಗೆ ಹಸಿರಾಯಿತು.
ಅಂದಿನಿಂದ ದಿನಾ ಬೆಳಗ್ಗೆ ಕನ್ನಡಿಯೆದುರು ಬಾಯಿ ತೆರೆದು
ನೀಲಿಗೂ ಹಸಿರಿಗೂ ಏನು ಮಾತಾಯಿತೆಂದು
ವಿಚಾರಿಸಿಕೊಳ್ಳುತ್ತಿದ್ದ.

ಲ್ಯಾಬಿನ ಕರ್ಣಿಕ್ ಮೇಡಂ ಡಬ್ಬಿ ತಿರುಗಿಸಿ ನೋಡಿದರು.
"ಪಾಚಿಗೆ ಹಿಡಿದುಕೊಳ್ಳುವುದು ಗೊತ್ತು, ನಿಜ.
ಆದರೆ ಅದು ಬೆಳೆದ ನೀರು ಯಾವುದು?
ಕೆಟ್ಟ ನೀರಾಗಿದ್ದರೆ
ಅದೇ ಸೀಸವನ್ನು ಹೊತ್ತು ತಂದಿರುತ್ತದಲ್ಲ."
ರಾತ್ರಿ, ಮೊಬೈಲಿನ ಬೆಳಕಲ್ಲಿ, ಸಣ್ಣಕ್ಷರವೆಲ್ಲ ಓದಿದೆ.
ಎಲ್ಲಿಯ ನೀರೆಂದು ಎಲ್ಲೂ ಇರಲಿಲ್ಲ.

ಮೂರು ತಿಂಗಳಿಗೆ ಅಂಕಿ ಇಳಿಯಿತು, ತುಸು.
ಗುಳಿಗೆಯೋ, ಗಲ್ಲಿ ಬಿಟ್ಟದ್ದೋ.
ಸುಲಭಾತಾಯಿಗೆ ಒಂದು ಹೇಳಿದೆ, ಮೇಡಂಗೆ ಇನ್ನೊಂದು.

ಫೆಬ್ರವರಿಯ ಒಂದು ರವಿವಾರ ಶಿವಡಿ ಜೆಟ್ಟಿಗೆ ಕರೆದೊಯ್ದೆ.
ಆಚೆ ದಂಡೆಗೆ ತೈಲದ ಟ್ಯಾಂಕುಗಳು, ಈಚೆ ಎಣ್ಣೆ ಮಿನುಗುವ ಕೆಸರು,
ಕೆಸರಿನ ತುಂಬ ಫ್ಲೆಮಿಂಗೊಗಳು
ತಲೆಕೆಳಗಾಗಿ ಕೊಕ್ಕು ಅದ್ದಿ ಪಾಚಿ ಸೋಸುತ್ತಿದ್ದವು.
ಅದನ್ನು ತಿಂದೇ ಅವಕ್ಕೆ ಆ ಬಣ್ಣ, ಎಂದೆ.

ಅಪ್ಪ ಬಹಳ ಹೊತ್ತು ಏನೂ ಅನ್ನಲಿಲ್ಲ.
"ಈ ಗಟಾರದಾಗ ಮೇದು ಇಷ್ಟ ಚಂದ ಆಗ್ಯಾವ?"
ಆಮೇಲೆ ಎರಡು ಬೆರಳಿಂದ ತುಟಿ ಎತ್ತಿ
ಮುಖ ನನ್ನ ಹತ್ತಿರ ತಂದ:
"ನೋಡವಾ, ನಂದೇನರ ಗುಲಾಬಿ ಆಗೇದೇನ?"

ಬಿಸಿಲು ಎದುರಿಗಿತ್ತು, ಸರಿಯಾಗಿ ಕಾಣಲಿಲ್ಲ.
ಆಗೇದಪ್ಪ, ಅಂದೆ.