ಮೂರನೇ ಗೀಟು

ಕರೆಂಟ್ ಹೋದಾಗ ಹನ್ನೊಂದೂ ಹತ್ತು.
ತಾಳಿಕೋಟಿ ಪೂರಾ ಒಮ್ಮೆಲೇ ಕಣ್ಣು ಮುಚ್ಚಿತು,
ಡೋಣಿ ಆಚೀಕಡೆ ಟವರಿನ ಕೆಂಪು ಚುಕ್ಕಿ ಒಂದು ಬಿಟ್ಟು.
ಪಡಸಾಲ್ಯಾಗ ಮರಿ ಮಾಡೋ ಮಷೀನಿನ ಫ್ಯಾನು
ಸುತ್ತಿತು, ಸುತ್ತಿತು, ನಿಂತಿತು.
ಒಳಗ ಎರಡನೂರಾ ಎಂಟು ತತ್ತಿ.
ಹತ್ತೊಂಬತ್ತನೇ ದಿನ.
ಮೂವತ್ತೇಳೂವರೆ ಅನ್ನೋ ಅಂಕಿ
ಆರಿದ ಮ್ಯಾಲೂ ನನ್ನ ಕಣ್ಣಾಗ ಹೊಳೀತಿತ್ತು.

ಹಿತ್ತಲದಾಗ ತಗಡಿನ ಕೆಳಗ ಜನರೇಟರ್,
ಬಿಜಾಪುರದ ಪೆಂಡಾಲಿನವರು ಮಾರಿದ್ದು;
ಮೈಮ್ಯಾಲ ಇನ್ನೂ ಯಾರದೋ ಮದುವಿ ಅರಿಶಿಣ.
ಹಗ್ಗ ಎಳದೆ. ಗೊರ್ ಅಂತು.
ಎಳದೆ. ಗೊರ್.
ಒಂಬತ್ತನೇ ಸಲಕ್ಕ ಹೆಗಲು ಬಿತ್ತು, ಅದು ಮಾತ್ರ ಏಳಲಿಲ್ಲ.

ಲಾಡ್ಲೇಸಾಬಗ ಫೋನ್ ಹಚ್ಚಿದೆ.
ಮುದ್ದೇಬಿಹಾಳದಾಗ ತಂಗಿ ಮನ್ಯಾಗ ಮಲಗಿದ್ದ.
'ಕಾಕ್ ತೆರದೀರಿ?'
ತೆರದೀನಿ.
'ಆಯಿಲ್?'
ಗೀಟಿನ ಮಟ ಐತಿ.
'ಪೆಟ್ರೋಲ್ ಯಾವಾಗಿಂದು?'
ಸುಮ್ಮನಾದೆ.
'ಯಕ್ಕಾ, ಯಾವಾಗಿಂದು?'
ಯುಗಾದಿಗೆ ಹಾಕಿದ್ದು. ಈಗ ದಸರಾ.
ಅಂವ ಬೈಲಿಲ್ಲ. ಬೈದಿದ್ರ ಚೊಲೊ ಇತ್ತು.

ರವಿವಾರಕ್ಕೊಮ್ಮೆ ಹತ್ತು ನಿಮಿಷ ನಡಸ್ರಿ ಅಂತ
ಬಾಗಿಲ ಹಿಂದ ಸೀಮೆಸುಣ್ಣದಾಗ ಬರದು ಹೋಗಿದ್ದ.
ಅದರ ಕೆಳಗ ಎರಡು ಗೀಟು.
ಮೂರನೇದರ ಜಾಗಾದಾಗ ದಾನಮ್ಮ ಬರದ ಕೋಳಿ,
ಕಾಲು ನಾಕು.

'ದಾನೀ, ಟಾರ್ಚ್ ನೆಟ್ಟಗ ಹಿಡಿ.'
ಹಳೇ ಪೆಟ್ರೋಲ್ ಬಸದೆ. ಬಣ್ಣ ಆರಿದ ಚಾದ್ದು,
ವಾಸನಿ ಕುರ್ಚಿಗೆ ಬಳಿಯೋ ವಾರ್ನಿಷಿಂದು.
'ಕಾರ್ಬೇಟರಿನ ತೂತಿಗೆ ಸೂಜಿ ಹಾಕಬ್ಯಾಡ್ರಿ, ದೊಡ್ಡದಾದೀತು;
ವಾಯರ್ ಬಿಚ್ಚಿ ತಾಮ್ರದ್ದು ಒಂದ ಎಳಿ ತಗೋರಿ.'
ಎಳಿ ಹೋತು, ಬಂತು. ತುದಿಗೆ ಬೆಲ್ಲದಂಥ ಅಂಟು.
ಪ್ಲಗ್ ಕಾಡಿಗಿ ಕಟ್ಟಿತ್ತು, ಉಸುಕಿನ ಹಾಳಿಲೆ ತಿಕ್ಕಿದೆ.
ಸ್ಕೂಟಿಯಿಂದ ಬಾಯಿಲೆ ಜಗ್ಗಿದ ಹೊಸಾ ಪೆಟ್ರೋಲ್,
ನಾಲಿಗಿ ಮ್ಯಾಲ ಅರ್ಧ ಗುಟುಕು.
ಉಗುಳಿದೆ. ಎಳದೆ.

ಹತ್ತಿತು! ಎರಡು ಸಲ ಕೆಮ್ಮಿತು.
ಯಾರೋ ಬಾಯಿ ಒತ್ತಿ ಹಿಡದಂಗ
ಉಸರು ಕಟ್ಟಿ ಬಂದಾತು.
ಪರ್ಸಿ ಮ್ಯಾಲಿಟ್ಟ ಫೋನು ಅಂತು:
'ಒಳಗ ಹೋಗೋ ದಾರಿ ಆತು.
ಹೊರಗ ಬರೋ ದಾರಿ ನೋಡ್ರಿ.'

ಸೈಲೆನ್ಸರಿನ ಬಾಯಾಗ ಮಣ್ಣು.
ಬಿದ್ದ ಮಣ್ಣಲ್ಲ, ಕಟ್ಟಿದ್ದು,
ಸಾರಿಸಿದ ಒಲಿಹಂಗ ನುಣ್ಣಗ.
ಕುಂಬಾರ ಹುಳದ ಮನಿ.
ಸ್ಕ್ರೂಡ್ರೈವರ್ ಆಡಿಸಿದೆ, ಹೆಂಟಿ ಹೆಂಟಿಯಾಗಿ ಉದುರಿತು;
ಜೋಡಿ ಹಸರು ಜಾಡ, ಕಾಲು ಮಡಚಿಕೊಂಡು,
ಸತ್ತಿಲ್ಲ, ಏಳೂದಿಲ್ಲ;
ನಡುವ ಅಕ್ಕಿಕಾಳಿನಂಥದ್ದು ಒಂದು, ಹಳದಿ, ಮಿಸುಕತಿತ್ತು.
ಹುಳಾನ ಕುಟುಕಿ ಕುಟುಕಿ
ತನ್ನಂಗ ಮಾಡಿಕೊಳ್ಳತೈತಿ ಅಂತ ಪುರಾಣದಾಗ ಕೇಳಿದ್ದೆ.
ಟಾರ್ಚಿನ ಬೆಳಕಿನ್ಯಾಗ ಹಂಗ ಕಾಣಲಿಲ್ಲ.
ಬುತ್ತಿ ಕಟ್ಟಿಟ್ಟು ತಾಯಿ ಹೋಗಿದ್ದಳು, ಅಷ್ಟ.

'ಯವ್ವಾ, ಇದಕ್ಕ ಎಷ್ಟನೇ ದಿನ?'
ಅಂದಳು ದಾನಮ್ಮ.

ಹಗ್ಗ ಎಳದೆ.

ಹಿತ್ತಲ ತುಂಬ ಸಪ್ಪಳ. ಎದುರುಮನಿ ನಾಯಿ ಎದ್ದಿತು.
ಹೊಗಿ ಬಾಯಿ ಬಯಲಕಡೆ ತಿರುವಿ
ಕಿಟಕಿಯಿಂದ ವಾಯರ್ ಎಳಕೊಂಡು ಒಳಗ ಓಡಿದೆ.
ಮೂವತ್ತಮೂರು ಪಾಯಿಂಟ್ ಎಂಟು.
ಫ್ಯಾನು ಸುತ್ತತಿತ್ತು.
ಮೂವತ್ತನಾಕು.
ಅಷ್ಟರಾಗ, ಒಂದೂ ಇಪ್ಪತ್ತಕ್ಕ,
ನಗಬೇಕೋ ಅಳಬೇಕೋ,
ಓಣಿ ತುಂಬ ಲೈಟ್ ಬಂದೂವು.

ಬಂದ್ ಮಾಡಾಕ ಹೋದ ಕೈ ತಡದೆ.
ರವಿವಾರ ಹುಟ್ಟಿ ಆಗಲೇ ತಾಸು ಮ್ಯಾಲಾಗಿತ್ತು.
ಹತ್ತು ನಿಮಿಷ ನಿಂತು ನಡಸಿದೆ,
ನಾಕು ಕಾಲಿನ ಕೋಳಿ ಬಾಜೂಕ ಒಂದು ಗೀಟು ಎಳದೆ.
ಫೋನಿನ್ಯಾಗ ಲಾಡ್ಲೇಸಾಬನ ಗೊರಕಿ,
ಯಾವಾಗ ನಿದ್ದಿ ಹತ್ತಿತ್ತೋ.

ನೂರಾ ನಲವತ್ತಾರು ಒಡದೂವು.
ಉಳಿದವನ್ನ ಬುಟ್ಟ್ಯಾಗ ಹಾಕಿ ತಿಪ್ಪಿಗೆ ಒಯ್ಯೂವಾಗ ನೋಡಿದೆ:
ಮಷೀನಿನ ಬಿಸಿ ತಲಿಮ್ಯಾಲ
ಒಂದು ಬೆಂಕಿಪೊಟ್ಟಣ,
ಮ್ಯಾಲ ಪೆನ್ಸಿಲ್ಲಿಲೆ ಬರದೈತಿ,
ದಿನ ೧, ದಿನ ೨.